ಹಡಗಿನ ರಿಪೇರಿಗೆ ಜಟ್ಟಪ್ಪ ಕೇಳಿದ್ದು

೧೨ ಜನವರಿ ೧೯೫೮, ಭಾನುವಾರ. ಶಿಕಾರಿಪುರ

ಇವತ್ತು ಪೇಟೆ ಬೀದಿಯಲ್ಲಿ ನಮ್ಮ ಕಾರು ತಿರುಗುವಾಗ ಮೂವರು ಅಂಗಡಿಯವರು ಎದ್ದು ನಿಂತರು. ನಾನೇನೂ ಎಣಿಸಲಿಲ್ಲ, ತಾನಾಗಿ ಕಣ್ಣಿಗೆ ಬಿತ್ತು.

ಎದ್ದು ನಿಲ್ಲದೆ ಏನು ಮಾಡಿಯಾರು? ಕಪ್ಪು ಬಣ್ಣ, ಆರು ಸಿಲಿಂಡರು, ಒಳಗೆ ರೇಡಿಯೋ. ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಬಹುದು. ಇಂಥ ಅಮೆರಿಕದ ಕಾರು ಇಡೀ ತಾಲ್ಲೂಕಿನಲ್ಲಿ ಇರುವುದು ಒಂದೇ, ಅದು ಅಕ್ಕಿ ಗಿರಣಿ ವೀರಬಸಪ್ಪನದು. ಬೆಂಗಳೂರಿನ ವಕೀಲರೊಬ್ಬರಿಂದ ಕೊಂಡು ಎರಡು ವರ್ಷವಾಯಿತು. ಊರವರು ಇದಕ್ಕೆ ಹಡಗು ಎಂದು ಹೆಸರಿಟ್ಟಿದ್ದಾರೆ. ಹೊಟ್ಟೆಕಿಚ್ಚಿನಿಂದಲೇ ಇಟ್ಟಿರಬಹುದು, ನನಗಂತೂ ಹೆಸರು ಹಿಡಿಸಿದೆ.

ನಮ್ಮಪ್ಪ ಈ ಊರಿಗೆ ಬಂದದ್ದು ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತು, ಬರಿಗಾಲಿನಲ್ಲಿ. ಸಾಯುವ ತನಕ ಬಾಡಿಗೆ ಗಾಡಿ ಹತ್ತಿದವರಲ್ಲ. ಗಿರಣಿ ಅಂಗಳದ ಬಾವಿ ಅವರೇ ತೋಡಿಸಿದ್ದು. ಎಂಥ ಬೇಸಿಗೆಯಲ್ಲೂ ಬತ್ತಿಲ್ಲ, ಬೀದಿಗೆ ಬೀದಿಯೇ ಅದರ ನೀರು ಕುಡಿಯುತ್ತದೆ. ಹಡಗಿಗೂ ಆ ನೀರೇ. ಬೇರೆ ನೀರು ಒಂದು ಹನಿ ಮುಟ್ಟಿಸಕೂಡದು ಎಂದು ಡ್ರೈವರ್ ಹೂವಪ್ಪನಿಗೆ ತಾಕೀತು ಮಾಡಿದ್ದೇನೆ. ಕಾರು ಎಲ್ಲಿಗೆ ಹೋದರೂ ಡಿಕ್ಕಿಯಲ್ಲಿ ಎರಡು ಹಿತ್ತಾಳೆ ಕೊಡ ನಮ್ಮ ಬಾವಿಯ ನೀರು ಹೋಗುತ್ತದೆ. ಅಪ್ಪ ಹತ್ತದ ಕಾರಿನಲ್ಲಿ ಅಪ್ಪನ ನೀರಾದರೂ ಇರಲಿ.

ಒಂದೇ ಕೊರಗು. ಹೋದ ಬೇಸಿಗೆಯಿಂದ ಹಡಗು ಕುದಿಯುತ್ತಿದೆ. ಹತ್ತು ಮೈಲಿ ಹೋಗುವಷ್ಟರಲ್ಲಿ ಮುಂದಿನಿಂದ ಬುಸ್ಸೆಂದು ಹಬೆ. ಹುಬ್ಬಳ್ಳಿಯ ಕಂಪನಿ ವರ್ಕ್‌ಶಾಪಿಗೆ ಮೂರು ಸಲ ಕಳಿಸಿದೆ. ಪ್ರತಿ ಸಲ ಏನೋ ಒಂದು ಬದಲಾಯಿಸುತ್ತಾರೆ, ಬಿಲ್ಲು ಕೊಡುತ್ತಾರೆ, ಹದಿನೈದು ದಿನ ಸುಮ್ಮನಿದ್ದು ಮತ್ತೆ ಕುದಿಯುತ್ತದೆ. ನಾಳೆ ನಾಲ್ಕನೆಯ ಸಲ ಹೊರಡುತ್ತದೆ.

೨೩ ಜನವರಿ, ಗುರುವಾರ

ಹಡಗು ಬಂತು. ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಹಾಳೆ. ಇಲ್ಲಿನ ವಕೀಲರೊಬ್ಬರ ಹತ್ತಿರ ಓದಿಸಿದೆ. ಎಂಜಿನ್ನಿನ ನೀರು ಆರಿಸುವ ರೇಡಿಯೇಟರ್ ಹೊಸದು ಬೇಕಂತೆ, ಅದು ಆಮದು ಲೈಸೆನ್ಸಿನ ಮೇಲೆ ಮುಂಬಯಿಗೆ ಸಮುದ್ರದ ಹಡಗಿನಲ್ಲಿ ಬರಬೇಕಂತೆ. ಎಂಜಿನ್ ಪೂರ್ತಿ ಬಿಚ್ಚಿ, ಸಿಲಿಂಡರು ಕೊರೆದು ಬೋರು ಮಾಡಬೇಕಂತೆ. ಸಾವಿರದ ಎಂಟುನೂರ ನಲವತ್ತು ರೂಪಾಯಿ! ಮೂರು ಜೊತೆ ಒಳ್ಳೆಯ ಎತ್ತು ಬರುತ್ತವೆ. ಮಾರ್ಚ್ ಮುಗಿಯುವುದರೊಳಗೆ ಒಪ್ಪಿಗೆ ತಿಳಿಸಿ ಎಂದು ಬೇರೆ ಬರೆದಿದ್ದಾರೆ.

ಈ ಸುದ್ದಿ ಮರದ ವ್ಯಾಪಾರಿ ಉಚ್ಚಂಗಪ್ಪನಿಗೆ ಯಾರು ಮುಟ್ಟಿಸಿದರೋ. ಸಂಜೆಯೇ ಗಿರಣಿಗೆ ಬಂದು, ಹಡಗಿನ ಬೆನ್ನು ಸವರುತ್ತಾ, "ಇದ್ದಂಗ ಕೊಟ್ಟುಬಿಡ್ರಿ ಸಾವ್ಕಾರ್ರ. ಮೂರು ಸಾವಿರ ಕೊಡ್ತೀನಿ. ಯುಗಾದಿ ಮಟ ಕಾಯ್ತೀನಿ" ಎಂದ. ಒಂಬತ್ತು ಸಾವಿರದ ಕಾರು! ಕಾಫಿ ಕುಡಿಸಿ ಕಳಿಸಿದೆ, ಸಕ್ಕರೆ ಕಡಿಮೆ ಹಾಕಿಸಿ.

ಅಷ್ಟು ದುಡ್ಡು ಸುರಿದರೆ ಗಿರಣಿಯ ಹಂಗಾಮಿಗೆ ಭತ್ತ ಕೊಳ್ಳಲು ಕೈ ಕಟ್ಟುತ್ತದೆ. ಸುರಿಯದಿದ್ದರೆ ಹಡಗು ಉಚ್ಚಂಗಪ್ಪನ ಅಂಗಳದಲ್ಲಿ ನಿಲ್ಲುತ್ತದೆ. ಅವನು ಅದರಲ್ಲಿ ಮರದ ತುಂಡು ಹೇರಿದರೂ ಹೇರಿಯಾನು.

ಊಟಕ್ಕೆ ಕೂತಾಗ ಬಸಕ್ಕ, ನನ್ನ ಮನೆಯವಳು, ಮೆಲ್ಲಗೆ ಹೇಳಿದಳು: "ಸೊರಬದಾಗ ಜಟ್ಟಪ್ಪ ಮೋಟಾರು ರಿಪೇರಿ ಅಂಗಡಿ ಇಟ್ಟಾನಂತ್ರಿ. ಬಸ್ಸಿನೋರೆಲ್ಲ ಅವನ ಹತ್ರನ ಹೋಗ್ತಾರಂತ."

ಮೈಯೆಲ್ಲ ಉರಿದುಹೋಯಿತು. ಜಟ್ಟಪ್ಪ ನಮ್ಮ ಗಿರಣಿಯಲ್ಲೇ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಮೂರು ವರ್ಷದ ಹಿಂದೆ ಕೊಳವೆ ಒಡೆದು ಒಂದು ತಿಂಗಳು ಗಿರಣಿ ನಿಂತಿತು. ಅವನು ಮಲಗಿದ್ದ, ಅದಕ್ಕೇ ಒಡೆಯಿತು. ಮಲಗಿದ್ದನ್ನು ನಾನು ಕಣ್ಣಾರೆ ಕಾಣದಿದ್ದರೂ, ಎಚ್ಚರವಾಗಿದ್ದರೆ ಒಡೆಯುತ್ತಿತ್ತೇ? ಎಲ್ಲರ ಮುಂದೆ ನಿದ್ದೆಬುರುಕ ಎಂದು ಬೈದು ಅಟ್ಟಿದೆ. ಅದಕ್ಕೂ ಮೊದಲು ಆರು ತಿಂಗಳಿಂದ "ಬಾವಿ ನೀರು ಬಾಯ್ಲರಿಗೆ ಆಗಿಬರಲ್ಲ ಸಾವ್ಕಾರ್ರೆ" ಎಂದು ಗೊಣಗುತ್ತಲೇ ಇದ್ದ. ನಮ್ಮಪ್ಪನ ಬಾವಿಗೆ ಹೆಸರಿಡುವವನ ಕೈಗೆ ಹಡಗು ಕೊಡಬೇಕೇ? ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದೆ.

೨ ಫೆಬ್ರವರಿ, ಭಾನುವಾರ

ಕಾರು ಹೊರಗೆ ತೆಗೆಯಲಿಲ್ಲ. ಒರೆಸಿ ಒಳಗೇ ನಿಲ್ಲಿಸಿದ್ದಾಯಿತು. ಒರೆಸಿದ್ದು ಹೂವಪ್ಪ. ನಾನು ನಿಂತು ನೋಡಿದೆ.

೧೪ ಫೆಬ್ರವರಿ, ಶುಕ್ರವಾರ. ಸೊರಬ

ಬಸಕ್ಕನ ತಂಗಿ ವನಜಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಇವರ ಹೊಸ ಮನೆಯ ಪ್ರವೇಶ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಶಿಕಾರಿಪುರದಿಂದ ಇಲ್ಲಿಗೆ ಇಪ್ಪತ್ತೈದು ಮೈಲಿ. ಬಸ್ಸಿಗೆ ಹೋಗೋಣ ಎಂದಳು ಬಸಕ್ಕ. ಗಿರಣಿ ವೀರಬಸಪ್ಪ ನೆಂಟರ ಮನೆಗೆ ಬಸ್ಸಿನಲ್ಲಿ ಇಳಿಯಬೇಕೇ? ಬೆಳಿಗ್ಗೆ ಹಡಗಿನಲ್ಲೇ ಹೊರಟೆವು.

ಉಡುತಡಿಯ ಹತ್ತಿರ ಬಿಸಿ ತೋರಿಸುವ ಮುಳ್ಳು ತುದಿ ಮುಟ್ಟಿತು. ನಿಲ್ಲಿಸಿ, ಒಂದು ಗಂಟೆ ಆರಲು ಬಿಟ್ಟು, ಹೂವಪ್ಪ ಎರಡೂ ಕೊಡ ಸುರಿದ. ಹೊಲದಿಂದ ಬಂದ ಒಬ್ಬ ಮುದುಕ "ಕೆರೆ ಇಲ್ಲೇ ಐತಲ್ರಿ, ನೀರು ತರ್ಲಾ?" ಎಂದ. ಬೇಡ ಎಂದೆ. ಕಂಡ ಕಂಡ ಕೆರೆಯ ನೀರನ್ನು ಅಮೆರಿಕದ ಎಂಜಿನ್ನಿಗೆ ಹಾಕಲು ನನಗೇನು ತಲೆ ಕೆಟ್ಟಿದೆಯೇ?

ಸೊರಬ ಇನ್ನೆರಡು ಮೈಲಿ ಇದೆ ಎನ್ನುವಾಗ ಹಡಗು ಒಂದು ಸಲ ಗೊರ್ ಎಂದು ನಿಂತುಬಿಟ್ಟಿತು. ಕೊಡ ಖಾಲಿ. ಬಿಸಿಲು ಸುಡುತ್ತಿತ್ತು. ಕೊನೆಗೆ ಬೆನಕಪ್ಪ ಎಂಬ ಗಾಡಿಯವನು ತನ್ನ ಎತ್ತು ಬಿಚ್ಚಿ ತಂದು ಕಾರಿಗೆ ಹಗ್ಗ ಕಟ್ಟಿದ. ಅಯ್ಯೋ ಶಿವನೇ! ಆರು ಸಿಲಿಂಡರಿನ ಕಾರನ್ನು ಎರಡು ಎತ್ತು ಎಳೆದುಕೊಂಡು ಸೊರಬದ ಪೇಟೆ ಹೊಕ್ಕವು. ಜನ ಅಂಗಡಿಯಿಂದ ಇಲ್ಲೂ ಎದ್ದು ನಿಂತರು. ಒಬ್ಬ ಕೂಗಿದ: "ಏ ಬೆನಕಪ್ಪ, ಇದಕ್ಕೆ ಹುಲ್ಲು ಎಷ್ಟು ಬೇಕಾಗ್ತದಾ?" ನಾನು ರುಮಾಲು ಮುಂದಕ್ಕೆಳೆದುಕೊಂಡು ಕೂತಿದ್ದೆ.

ಎತ್ತು ನಿಂತದ್ದು ಬಸ್ ಸ್ಟ್ಯಾಂಡಿನ ಪಕ್ಕದ ತಗಡಿನ ಶೆಡ್ಡಿನ ಮುಂದೆ. ಇಲ್ಲಿಗೆ ಯಾಕೆ ತಂದೆ ಎಂದು ಗದರಿದೆ. "ಕೆಟ್ಟ ಮೋಟಾರೆಲ್ಲ ಇಲ್ಲಿಗೇ ಬರೋದು ಸಾವ್ಕಾರ್ರೆ. ಎತ್ತಿಗೇ ದಾರಿ ಗೊತ್ತು" ಎಂದ ಬೆನಕಪ್ಪ. ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತಾ ಹೊರಬಂದವನು ಜಟ್ಟಪ್ಪ.

ನಾನು ಇಳಿಯಲಿಲ್ಲ. ಗಾಜು ಏರಿಸಿಕೊಂಡು ಕೂತೆ. ಬೆವರು ಹರಿಯುತ್ತಿತ್ತು. ಬಸಕ್ಕ ಇಳಿದು ಹೋಗಿ ಅದೇನೋ ಮಾತಾಡಿದಳು. ಅವನು ಅವಳಿಗೆ ಕೈ ಮುಗಿದ, ಹೆಂಡತಿ ದುರ್ಗಮ್ಮನನ್ನು ಕರೆದು ನೀರು ಮಜ್ಜಿಗೆ ತರಿಸಿದ. ಆಮೇಲೆ ಬಾನೆಟ್ಟು ಎತ್ತಿ ಬಹಳ ಹೊತ್ತು ನೋಡಿದ. ನೀರು ತುಂಬಿ ಎಂಜಿನ್ ಚಾಲೂ ಮಾಡಿಸಿದ, ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡಿದ (ಎದ್ದರೆ ಎಂಜಿನ್ ಒಳಗೆ ಒಡೆದಿದೆ ಎಂದರ್ಥವಂತೆ), ನಿಲ್ಲಿಸಿದ. ನನ್ನ ಗಾಜಿನ ಹತ್ತಿರ ಬಂದು, "ಸಾವ್ಕಾರ್ರೆ, ಒಂದ್ಸಲ ಕೆಳಗಿಳೀರಿ. ಕೈ ಇಟ್ಟು ನೋಡ್ರಿ" ಎಂದ.

ಒಳಗೆ ಬೇಯುವುದಕ್ಕಿಂತ ಇಳಿಯುವುದೇ ವಾಸಿ ಎನಿಸಿತು. ಅವನು ತೋರಿಸಿದಲ್ಲಿ ರೇಡಿಯೇಟರಿಗೆ ಅಂಗೈ ಇಟ್ಟೆ. ಎಡಗಡೆ ಸುಟ್ಟಿತು. ಒಂದು ಗೇಣು ಬಲಕ್ಕೆ ಸರಿಸಿದರೆ ತಣ್ಣಗೆ!

"ಬಿಸಿ ನೀರು ಇಲ್ಲಿ ಮಟ ಬರ್ತಾನೇ ಇಲ್ಲ. ಒಳಗೆ ಕಟ್ಟಿಕೊಂಡದೆ. ಎಂಜಿನ್ನಿಗೆ ಎಂತದೂ ಆಗಿಲ್ಲ, ಕಲ್ಲಿನಂಗದೆ."

"ಹುಬ್ಬಳ್ಳಿಯೋರು ಎಂಜಿನ್ ಬಿಚ್ಚಬೇಕು ಅಂದಾರ."

"ಅವರು ದೊಡ್ಡೋರು. ನಾನು ಕೈ ಇಟ್ಟು ನೋಡೋನು."

ಎಷ್ಟಾಗುತ್ತದೆ ಎಂದು ಕೇಳಿದೆ. "ಕೂಲಿ ಇಪ್ಪತ್ತೆರಡು ರೂಪಾಯಿ. ಐದು ಸೇರು ಹುಣಸೇಹಣ್ಣು, ಅದನ್ನು ನೀವೇ ಕಳಿಸ್ರಿ" ಎಂದ. ನಾನು ಇನ್ನೇನು ನಗುವವನಿದ್ದೆ. ಅವನು ನೆಲ ನೋಡುತ್ತಾ ಹೇಳಿದ: "ಮತ್ತೊಂದು ಮಾತು. ನಾನವತ್ತು ಮಲಗಿರಲಿಲ್ಲ ಸಾವ್ಕಾರ್ರೆ. ಜಟ್ಟಪ್ಪ ಮಲಗಿರಲಿಲ್ಲ ಅಂತ ನಿಮ್ಮ ಗಿರಣಿ ಅಂಗಳದಲ್ಲಿ, ಆ ಜನರ ಮುಂದೇನೇ ಹೇಳಬೇಕು. ಈಗಲ್ಲ. ಕಾರು ಸರಿಯಾಗಿ, ನಿಮಗೆ ನಂಬಿಕೆ ಬಂದ ಮೇಲೆ. ಇದಿಷ್ಟು ನನ್ನ ರೇಟು."

ಎಷ್ಟು ಕೊಬ್ಬು! ನಾನು ಬಾಯಿ ತೆಗೆಯುವ ಮೊದಲೇ ಬಸಕ್ಕ "ಮಾಡಪ್ಪ, ಹುಣಸೇಹಣ್ಣು ಕಳಿಸ್ತೀನಿ" ಎಂದುಬಿಟ್ಟಳು.

ಕಂಪನಿಯವರೇ ಅಗ್ಗ! ಬರೀ ದುಡ್ಡು ಕೇಳುತ್ತಾರೆ.

೧೬ ಫೆಬ್ರವರಿ, ಭಾನುವಾರ. ಶಿಕಾರಿಪುರ

ಬಸ್ಸಿನಲ್ಲಿ ವಾಪಸು ಬಂದೆವು. ನನ್ನ ಪಕ್ಕ ಒಬ್ಬ ಎರಡು ಹುಂಜ ಹಿಡಿದು ಕೂತಿದ್ದ.

ಮನೆಗೆ ಬಂದವಳೇ ಬಸಕ್ಕ ಹುಣಸೇಹಣ್ಣು ಅಳೆಯಲು ಕೂತಳು. ಕಾರಿಗೂ ಹುಣಸೇಹಣ್ಣಿಗೂ ಏನು ಸಂಬಂಧ ಎಂದು ಕೂಗಾಡಿದೆ. ಅವಳು ಕೈ ನಿಲ್ಲಿಸದೆ, "ಬಚ್ಚಲ ಹಂಡೆ ಯಾತರಿಂದ ತಿಕ್ತೀನಿ, ಎಂದಾರ ನೋಡೀರೇನು?" ಎಂದಳು.

ಎದ್ದು ಹೋಗಿ ಹಂಡೆಯೊಳಗೆ ಕೈ ಹಾಕಿದೆ. ಈ ವಾರ ತಿಕ್ಕಿರಲಿಲ್ಲ. ಒಳಗೆಲ್ಲ ಸುಣ್ಣ ಬಳಿದಂತೆ ಬಿಳಿಯ ಚಕ್ಕೆ. ಉಗುರಿನಿಂದ ಕೆರೆದರೆ ಪದರ ಪದರವಾಗಿ ಬಂತು.

"ಬಾವಿ ನೀರು ಹಂಗನ ರೀ. ಕುಡಿಯಾಕ ಚಲೋ. ಕಾಸಿದರ ಸುಣ್ಣ ಕಟ್ತೈತಿ. ಅದರಾಗ ಬೇಳೆ ಸುದ್ದಾ ಬೇಯಂಗಿಲ್ಲ."

"ಮತ್ತ ದಿನಾ ಸಾರು?"

"ಕೆರೆ ನೀರಿನಾಗ ಮಾಡ್ತೀನಿ. ಇಪ್ಪತ್ತಾರು ವರ್ಷ ಆತು, ಹುಚ್ಚರಾಯನ ಕೆರೆಯಿಂದ ದಿನಾ ಎರಡು ಕೊಡ ಹಿತ್ತಲ ಬಾಗಿಲಿಂದ ಬರ್ತಾವ."

ನಾನು ಅಲ್ಲೇ ಒರಳಿನ ಮೇಲೆ ಕೂತೆ. ಇಪ್ಪತ್ತಾರು ವರ್ಷ ನಮ್ಮ ಬಾವಿಯ ಸಾರಿನ ರುಚಿಯೇ ಬೇರೆ ಎಂದು ಬಂದವರಿಗೆಲ್ಲ ಹೇಳಿದ್ದೇನೆ. ಅಪ್ಪನಿಗೆ ಇದು ಗೊತ್ತಾಗಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದರು ಎಂದೆ.

ಬಸಕ್ಕ ಮೊರ ಕೆಳಗಿಟ್ಟಳು. "ಮಾವನೋರ ಹೇಳಿಕೊಟ್ಟದ್ದು ನನಗ. ಮದುವೆಯಾಗಿ ಬಂದ ವಾರಕ್ಕನ ಕರೆದು, 'ಕುಡಿಯಾಕ ಬಾವಿದು, ಬೇಯಿಸಾಕ ಕೆರೇದು ತರಿಸವ್ವ' ಅಂದರು. ನಿಮಗೊಬ್ಬರಿಗೇ ಹೇಳಿರಲಿಲ್ಲ. ಅವನು ಬಾವಿ ಮ್ಯಾಲ ಭಾಳ ಅಭಿಮಾನ ಇಟ್ಟಾನ, ಇರಲಿ ಬಿಡು ಅಂದಿದ್ದರು."

೧೭ ಫೆಬ್ರವರಿ, ಸೋಮವಾರ

ಇವತ್ತು ಸಾರು ಬೇಡ ಎಂದೆ. ಮೊಸರನ್ನ ಉಂಡೆ.

೨೨ ಫೆಬ್ರವರಿ, ಶನಿವಾರ. ಸೊರಬ

ಹುಣಸೇಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬುಧವಾರವೇ ಹೂವಪ್ಪನ ಜೊತೆ ಬಸ್ಸಿಗೆ ಬಂದೆ. ಅವನೊಬ್ಬನ ಕೈಲೇ ಕಳಿಸಬಹುದಿತ್ತು. ಆದರೆ ನನ್ನ ಕಾರು ಬಿಚ್ಚುವಾಗ ನಾನೇ ಇರಬೇಕಲ್ಲ, ಏನಾದರೂ ಕದ್ದಾರು.

ಜಟ್ಟಪ್ಪ ಆಗಲೇ ರೇಡಿಯೇಟರ್ ಬಿಚ್ಚಿ ಕೆಳಗಿಟ್ಟಿದ್ದ. ದುರ್ಗಮ್ಮ ಹಣ್ಣು ಕಿವುಚಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಬಿಸಿ ನೀರಿಗೆ ಬೆರೆಸಿದಳು. ರೇಡಿಯೇಟರನ್ನು ದೊಡ್ಡ ತೊಟ್ಟಿಯಲ್ಲಿ ಅದರೊಳಗೆ ಎರಡು ದಿನ ಮುಳುಗಿಸಿಟ್ಟರು. ಎಂಜಿನ್ನಿನ ಹೊಟ್ಟೆಗೂ ಅದೇ ಹುಳಿ ನೀರು. ನಾನು ಕುರ್ಚಿ ಹಾಕಿಸಿಕೊಂಡು ದೂರ ಕೂತಿದ್ದೆ. ದೂರ ಕೂತರೆ ಏನೂ ಕಾಣುವುದಿಲ್ಲ. ಕುರ್ಚಿ ಹತ್ತಿರ ಎಳೆದೆ. ಆಮೇಲೆ ಕುರ್ಚಿ ಅಡ್ಡ ಬರುತ್ತಿತ್ತು, ಎದ್ದು ನಿಂತೆ.

ಇವತ್ತು ಬೆಳಿಗ್ಗೆ ಕೆಳಗಿನ ಬಾಯಿಂದ ನೀರು ಬಿಟ್ಟು ಮೇಲಕ್ಕೆ ಹಾಯಿಸಿದ, ಅಂದರೆ ಉಲ್ಟಾ. ಕೊಳವೆ ಹಿಡಿಯಲು ಇನ್ನೊಂದು ಕೈ ಬೇಕಾಯಿತು. ಹೂವಪ್ಪ ಪೆಟ್ರೋಲಿಗೆ ಹೋಗಿದ್ದ. "ಹಿಡೀರಿ ಸಾವ್ಕಾರ್ರೆ" ಎಂದ, ಹಿಡಿದೆ. ಮೊದಲು ಕೆಂಪು ನೀರು ಬಂತು, ಆಮೇಲೆ ಬೂದಿ ಬಣ್ಣದ ಗಸಿ, ಆಮೇಲೆ ಚಕ್ಕೆ ಚಕ್ಕೆ ಬಿಳಿಯದು ಉದುರಿತು. ಬೊಗಸೆಯಲ್ಲಿ ಹಿಡಿದು ನೋಡಿದೆ. ನಮ್ಮ ಹಂಡೆಯಲ್ಲಿ ಕೆರೆದದ್ದೇ. ಹುಬ್ಬಳ್ಳಿಯವರು ಈ ರೇಡಿಯೇಟರನ್ನೇ ಎಸೆದು ಹೊಸದು ತರಿಸುತ್ತೇವೆ ಎಂದಿದ್ದರು!

ಬಾಯ್ಲರಿನ ಕೊಳವೆಯಲ್ಲೂ ಇದೇ ಇತ್ತೇ ಎಂದು ಕೇಳಿದೆ. ಕೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

"ಬೆರಳು ದಪ್ಪ ಇತ್ತು" ಎಂದ ಜಟ್ಟಪ್ಪ. ಅಷ್ಟೇ. ಮತ್ತೆ ಪಾನಾ ಹುಡುಕಲು ಹೋದ.

ಮಧ್ಯಾಹ್ನ ಅವನು ಒಂದೊಂದೇ ತೋರಿಸಿಕೊಟ್ಟ. ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡುವುದು ಹೇಗೆ, ಪ್ಲಗ್ಗಿನ ಮಸಿ ಉಜ್ಜುವುದು ಹೇಗೆ, ಗ್ರೀಸು ಹಾಕುವ ಜಾಗ ಎಷ್ಟಿವೆ (ಹದಿನೇಳು), ತಿಂಗಳಿಗೊಮ್ಮೆ ಹಳೆಯ ನೀರು ಇಳಿಸಿ ಕೆರೆ ನೀರು ತುಂಬುವುದು ಹೇಗೆ. "ಇದಕ್ಕೆಲ್ಲ ಹುಬ್ಬಳ್ಳಿಗೆ ಹೋಗೋದು ಯಾಕೆ ಮಾರಾಯ್ರೆ? ಕಾರು ದೊಡ್ಡದು, ಕೆಲಸ ಸಣ್ಣದು." ಎರಡು ವರ್ಷದಿಂದ ನನ್ನ ಮನೆಯಲ್ಲಿರುವ ಕಾರಿನ ಹೊಟ್ಟೆಯನ್ನು ನಾನು ಇವತ್ತು ನೋಡಿದೆ. ಏನು ಚೆಂದ ಇದೆ! ಒಂದೊಂದು ನಟ್ಟೂ ತನ್ನ ಜಾಗದಲ್ಲಿ ಕೂತಿದೆ. ಹೊರಗಿನ ಬಣ್ಣ ಮಾತ್ರ ನೋಡಿ ಎದ್ದು ನಿಲ್ಲುವ ಅಂಗಡಿಯವರಿಗೆ ಇದೆಲ್ಲ ಏನು ಗೊತ್ತು?

ಅಂಗಿ ಮಸಿಯಾಗಿದೆ. ಕಲೆ ಹೋಗುವುದಿಲ್ಲ ಎಂದಳು ವನಜಮ್ಮ. ಹೋಗದಿದ್ದರೆ ಇರಲಿ.

೨೫ ಫೆಬ್ರವರಿ, ಮಂಗಳವಾರ. ಶಿಕಾರಿಪುರ

ಕುದಿಯಲಿಲ್ಲ!

ಬೇಕೆಂದೇ ಉರಿ ಮಧ್ಯಾಹ್ನ ಹೊರಟೆವು. ಮೊದಲು ಪರೀಕ್ಷೆಗೆಂದು ಜಟ್ಟಪ್ಪ ಕುಪ್ಪಗಡ್ಡೆಯವರೆಗೆ ಓಡಿಸಲು ಹೇಳಿದ, ಹೋಗಿ ಬಂದೆವು. ನಿಲ್ಲಿಸಿ ಅಂಗೈ ಇಟ್ಟೆ. ಎಡದಿಂದ ಬಲದ ತನಕ ಒಂದೇ ಬಿಸಿ. ಆಮೇಲೆ ಸೊರಬದಿಂದ ಮನೆಯ ತನಕ, ಉಡುತಡಿಯನ್ನು ಬುರ್ರೆಂದು ದಾಟಿ ಒಂದೇ ಓಟ. ಹೂವಪ್ಪ ಹಿಂದಿನ ಬಾಗಿಲು ತೆಗೆದು ನಿಂತಿದ್ದ, ನಾನು ಮುಂದೆ ಕೂತೆ. ಮುಳ್ಳು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಸಾವಿರದ ಎಂಟುನೂರ ನಲವತ್ತು ಎಲ್ಲಿ, ಇಪ್ಪತ್ತೆರಡು ಎಲ್ಲಿ! ಕೂಲಿ ಅಲ್ಲೇ ಕೊಟ್ಟೆ. ಜಟ್ಟಪ್ಪ ಎಣಿಸದೆ ಕಿಸೆಗೆ ಹಾಕಿಕೊಂಡ. ಇನ್ನೊಂದರ ಮಾತು ಎತ್ತಲಿಲ್ಲ. ಮರೆತಿರಬೇಕು.

೬ ಮಾರ್ಚ್, ಗುರುವಾರ

ಉಚ್ಚಂಗಪ್ಪ ಗಿರಣಿಗೆ ಬಂದ. ನಾನು ಬೇಕೆಂದೇ ಅವನನ್ನು ಕೂರಿಸಿಕೊಂಡು ಊರು ಎರಡು ಸುತ್ತು ಹಾಕಿಸಿದೆ. ಮುಳ್ಳು ಅಲುಗಲಿಲ್ಲ. ಅವನ ಮುಖ ಹುಳ್ಳಗಾಯಿತು. "ಕಂಪನಿಯೋರಿಂದ ಮಾಡಿಸಿದ್ರೇನು?" ಎಂದು ಕೇಳಿದ.

"ಹೂಂ, ಹುಬ್ಬಳ್ಳಿಯೋರು ಮಾಡಿಕೊಟ್ಟರು" ಎಂದೆ.

ಯಾಕೆ ಹಾಗೆಂದೆನೋ. ಬಾಯಿ ತಾನಾಗಿ ಆಡಿತು. ಜಟ್ಟಪ್ಪ ಎಂದಿದ್ದರೆ ಯಾವ ಜಟ್ಟಪ್ಪ ಎನ್ನುತ್ತಿದ್ದ, ನಿಮ್ಮ ನಿದ್ದೆಬುರುಕನೇ ಎನ್ನುತ್ತಿದ್ದ, ಮಾತು ಬೆಳೆಯುತ್ತಿತ್ತು. ಹೂವಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ, ತಕ್ಷಣ ದಾರಿ ನೋಡಿದ. ಅವನು ಹೋಗಿ ಬಸಕ್ಕನಿಗೆ ಹೇಳಿರಬೇಕು. ಅವಳು ಸಾರಿನ ಪಾತ್ರೆ ನನ್ನ ಮುಂದೆ ಕುಕ್ಕಿಟ್ಟು ಒಳಗೆ ಹೋದಳು.

೧೩ ಮಾರ್ಚ್, ಗುರುವಾರ

ಪೇಟೆಯಲ್ಲಿ ಐದು ಜನ ಎದ್ದು ನಿಂತರು. ಸುಖವೆನಿಸಲಿಲ್ಲ.

ಗಿರಣಿಯ ಬಾಯ್ಲರಿಗೂ ಕೆರೆ ನೀರು ಹೊಡೆಯಲು ಎರಡು ಗಾಡಿ ಗೊತ್ತು ಮಾಡಿದೆ. ಯಾಕೆ ಎಂದು ಮೇಸ್ತ್ರಿ ಕಲ್ಲಪ್ಪ ಕೇಳಿದ. ಸುಮ್ಮನೆ ಹೇಳಿದ್ದು ಮಾಡು ಎಂದೆ.

೧೮ ಮಾರ್ಚ್, ಮಂಗಳವಾರ

ಅವನು ಮರೆತಿಲ್ಲ. ಮರೆಯುವ ಮಾತೇ ಅಲ್ಲ. ಹದಿನೊಂದು ವರ್ಷ ನಮ್ಮ ಬಾಯ್ಲರಿನ ಮುಂದೆ ನಿಂತವನು. ಗಿರಣಿಯಿಂದ ಅಟ್ಟಿದ ಮೇಲೆ ನಿದ್ದೆಬುರುಕ ಎಂಬ ಹೆಸರಿಗೆ ಈ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ, ಅದಕ್ಕೇ ಸೊರಬಕ್ಕೆ ಹೋದದ್ದು. ಇದನ್ನು ಕಲ್ಲಪ್ಪ ಇವತ್ತು ಹೇಳಿದ. ಮೂರು ವರ್ಷದಿಂದ ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ನನಗೆ ಯಾರೂ ಏನೂ ಹೇಳುವುದಿಲ್ಲವಲ್ಲ! ಎಲ್ಲರಿಗೂ ನನ್ನ ಅಭಿಮಾನ ಕಾಯುವುದೇ ಕೆಲಸವಾಗಿದೆ.

ಹಡಗನ್ನು ಯಾರಿಗೂ ಬಾಕಿ ಇಟ್ಟು ಓಡಿಸುವವನಲ್ಲ ನಾನು. ಅರ್ಧ ರೇಟು ಕೊಟ್ಟ ಕಾರಿನಲ್ಲಿ ಕೂತರೆ ಸೀಟು ಒತ್ತುತ್ತದೆ. ಶುಕ್ರವಾರ ಯುಗಾದಿ. ಗಿರಣಿಯ ಜನರೆಲ್ಲ ಬೇವು ಬೆಲ್ಲಕ್ಕೆ ಅಂಗಳದಲ್ಲಿ ಸೇರುತ್ತಾರೆ.

೨೧ ಮಾರ್ಚ್, ಶುಕ್ರವಾರ. ಯುಗಾದಿ

ಬೆಳಿಗ್ಗೆ ಹಬ್ಬದ ಎಣ್ಣೆಸ್ನಾನ ಮುಗಿಸಿ, ಕಾರಿನ ಎಣ್ಣೆ ಕಡ್ಡಿ ನಾನೇ ಎಳೆದು ನೋಡಿ, ಹೂವಪ್ಪನ ಜೊತೆ ಸೊರಬಕ್ಕೆ ಹೋದೆ. ಜಟ್ಟಪ್ಪನವರು ಹೊಸ ಪಂಚೆ ಉಟ್ಟು ಹಬ್ಬಕ್ಕೆ ಕೂತಿದ್ದರು. ನನ್ನನ್ನು ಕಂಡು ಕಾರು ಮತ್ತೆ ಕೆಟ್ಟಿತೇ ಎಂದು ಗಾಬರಿಯಾದರು. "ಕಾರು ಸರಿ ಐತಿ. ರೇಟು ಬಾಕಿ ಐತಿ. ನಡೀರಿ" ಎಂದೆ. ದುರ್ಗಮ್ಮನವರೂ ಬರಲಿ ಎಂದೆ. ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದೆ. ದಾರಿಯುದ್ದಕ್ಕೂ ಜಟ್ಟಪ್ಪನವರು ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳುತ್ತಿದ್ದರು.

ಗಿರಣಿ ಅಂಗಳದಲ್ಲಿ ಮೂವತ್ತು ಜನ. ಉಚ್ಚಂಗಪ್ಪನನ್ನೂ ಹಬ್ಬಕ್ಕೆ ಕರೆಸಿದ್ದೆ. ಬೇವು ಬೆಲ್ಲ ತಿಂದಾದ ಮೇಲೆ ಯಾರೂ ಹೋಗಬೇಡಿ, ಒಂದು ಮಾತಿದೆ ಎಂದೆ. ಇನಾಮು ಎಂದುಕೊಂಡರೇನೋ, ಎಲ್ಲರ ಮುಖ ಅರಳಿತು. ಬಾವಿಕಟ್ಟೆಯ ಹತ್ತಿರ ಬಸಕ್ಕ ಸೆರಗು ಹೊದ್ದು ನಿಂತಿದ್ದಳು.

ಹೇಳುವುದನ್ನು ಎರಡು ದಿನದಿಂದ ಬಾಯಿಪಾಠ ಮಾಡಿದ್ದೆ. ಎದ್ದು ನಿಂತರೆ ಒಂದು ಶಬ್ದವೂ ನೆನಪಿಗೆ ಬರಲಿಲ್ಲ. ಹೇಗೋ ಶುರು ಮಾಡಿದೆ:

"ಮೂರು ವರ್ಷದ ಹಿಂದ ಬಾಯ್ಲರ್ ಒಡೀತು. ಇವರು ಮಲಗಿದ್ದರು ಅಂತ ನಾನು ಇಲ್ಲೇ ನಿಂತು ಅಂದೆ. ಜಟ್ಟಪ್ಪನೋರು ಮಲಗಿರಲಿಲ್ಲ. ಎಚ್ಚರ ಇದ್ದರು. ನೀರು ಸರಿಯಿಲ್ಲ ಅಂತ ಆರು ತಿಂಗಳು ನನಗ ಹೇಳಿದರು, ನಾ ಕೇಳಲಿಲ್ಲ. ಈ ಕಾರು ಸರಿ ಮಾಡಿದ್ದೂ ಹುಬ್ಬಳ್ಳಿಯೋರಲ್ಲ, ಇವರು. ತಪ್ಪು ನಂದು."

ದುರ್ಗಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಜಟ್ಟಪ್ಪನವರು ಕೈ ಕಟ್ಟಿ ನಿಂತಿದ್ದವರು ಕೈ ಬಿಟ್ಟು, ತಲೆ ಎತ್ತಿ, ಒಬ್ಬೊಬ್ಬರ ಮುಖವನ್ನೂ ನೋಡಿದರು. ಮುದುಕ ಕಲ್ಲಪ್ಪ ಹೋಗಿ ಅವರ ಕೈ ಹಿಡಿದುಕೊಂಡ. ನನ್ನ ಕಣ್ಣೂ ಮಂಜಾಯಿತು, ಬೇವು ತುಸು ಹೆಚ್ಚಾಗಿತ್ತು.

ತಪ್ಪು ನಂದು ಎನ್ನುವುದು ರೇಟಿನಲ್ಲಿ ಇರಲಿಲ್ಲ. ಅದನ್ನು ನಾನೇ ಮೇಲೆ ಸೇರಿಸಿ ಕೊಟ್ಟೆ. ವೀರಬಸಪ್ಪ ಕೊಡುವಾಗ ಕೈ ಹಿಡಿಯುವವನಲ್ಲ.

ಊಟವಾದ ಮೇಲೆ ಅವರನ್ನು ಬಿಟ್ಟುಬರಲು ಹೊರಟಾಗ ಬಸಕ್ಕನೂ ಹತ್ತಿದಳು, ದುರ್ಗಮ್ಮನವರ ಪಕ್ಕ. ದಾರಿಯಲ್ಲಿ ಕೇಳಿದೆ: "ಗಿರಣಿಗೆ ವಾಪಸು ಬರ್ರಿ. ಎರಡರಷ್ಟು ಸಂಬಳ."

"ಬರಲ್ಲ ಸಾವ್ಕಾರ್ರೆ" ಎಂದರು ತಕ್ಷಣ. "ನನ್ನದೇ ಅಂಗಡಿ ಐತಲ್ಲ. ತಿಂಗಳಿಗೊಂದ್ಸಲ ಬಂದು ಬಾಯ್ಲರ್ ನೋಡಿ ಹೋಗ್ತೀನಿ, ಅದಕ್ಕೆ ಕೂಲಿ ಬೇರೆ. ಕಾರಿಗೆ ಎಂತಾದ್ರೂ ಆದ್ರೆ ನೀವೇ ತರಬೇಕು, ಸರದಿ ಮೇಲೆ. ಬಸ್ಸಿನೋರು ಮೊದಲು."

ನನಗೆ, ಸರದಿ! ಆಗಲಿ ಎಂದೆ.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಹಬ್ಬದ ಜನ ಸುತ್ತ ಮುತ್ತಿಕೊಂಡರು. ಎತ್ತು ಎಳೆದು ತಂದ ದಿನ ನಕ್ಕವರೂ ಅದರಲ್ಲಿ ಇದ್ದರು. ಜಟ್ಟಪ್ಪನವರು ಹಿಂದಿನ ಬಾಗಿಲಿಂದ ಇಳಿದರು. ಬಸ್ಸಿನ ಕಂಡಕ್ಟರ್ ಒಬ್ಬ ಬೆರಗಾಗಿ, "ಯಾರದ್ದಾ ಜಟ್ಟಪ್ಪಣ್ಣ, ಇಷ್ಟು ದೊಡ್ಡ ಕಾರು?" ಎಂದು ಕೇಳಿದ.

ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿ, "ನಮ್ಮ ಗಿರಾಕಿದು" ಎಂದರು.

ಗಿರಾಕಿ! ಸುತ್ತ ಎಂಟು ಊರಿನಲ್ಲಿ ಸಾವ್ಕಾರ ಎನ್ನದೆ ನನ್ನನ್ನು ಯಾರೂ ಕರೆದದ್ದಿಲ್ಲ. ನನಗೆ ಸಿಟ್ಟು ಬಂತೇನೋ ಎಂದು ಹೂವಪ್ಪ ಹೆದರಿ ನನ್ನ ಮುಖ ನೋಡಿದ. ಜನ ಕಾರಿನೊಳಗೆ ಇಣುಕುತ್ತಿದ್ದರು. ಜಟ್ಟಪ್ಪನವರ ಗಿರಾಕಿ ಯಾರೆಂದು ಎಲ್ಲರಿಗೂ ಚೆನ್ನಾಗಿ ಕಾಣಲಿ ಎಂದು ನಾನು ಬಾಗಿಲು ತೆಗೆದು ಕೆಳಗಿಳಿದು ನಿಂತೆ.